ಕೇಳಿದ್ದಕ್ಕೆ ಉತ್ತರ: ಡಿಸ್ಟ್ರೋಫಿನ್ ಇಲ್ಲದೆಯೂ ಓಡುವ ಇಲಿ

ಈ ತಿಂಗಳ ಟಪಾಲು ತೆರೆದರೆ ಬರೀ ಇಲಿ. ಹೋದ ಸಂಚಿಕೆಯಲ್ಲಿ ಪ್ರಯೋಗಾಲಯದ ಇಲಿಗಳ ಬಗ್ಗೆ ಎರಡು ಸಾಲು ಬರೆದಿದ್ದೆ, ಅಷ್ಟೇ. ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಈ ಸಲ ಇಲಿಗಳಿಗೇ ಜಾಗ ಕೊಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇಲಿಯ ಸ್ನಾಯು ಕತ್ತರಿಸಿ ಸ್ಲೈಡ್ ಮಾಡುತ್ತಿದ್ದವಳು. ಈಗ ನಾಪೋಕ್ಲು ಕಡೆ ಕಾಫಿ, ಕರಿಮೆಣಸು ನೋಡಿಕೊಂಡು ಇದ್ದೇನೆ. ಡಾಕ್ಟರ್ ಅಲ್ಲ. ಕೆಳಗಿನ ಒಂದು ಪತ್ರಕ್ಕೆ ಉತ್ತರ ಓದುವಾಗ ಇದು ನೆನಪಿರಲಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಏನು ವಿಷಯ ಅಂತ ಕೇಳಿದರೆ "ಇಲಿಯ ಡಿಸ್ಟ್ರೋಫಿನ್ ಜೀನ್, ಅದು ಸೈಟೋಸ್ಕೆಲಿಟನ್ ಪ್ರೋಟೀನ್" ಅನ್ನುತ್ತಾಳೆ. ಅದು ಏನು ಮಾಡುತ್ತೆ ಅಂತ ಕೇಳಿದರೆ "ಅದನ್ನೇ ನೋಡ್ತಿದ್ದೀವಿ" ಅನ್ನುತ್ತಾಳೆ. ಇಲಿಯ ಸ್ನಾಯುವಿನಲ್ಲಿ ಏನಿದ್ದರೆ ನಮಗೇನು? ಇದಕ್ಕೆ ಇಷ್ಟು ವರ್ಷ ಬೇಕಾ?
— ಕಾಫಿ ಬೆಳೆಗಾರರು, ಪೊನ್ನಂಪೇಟೆ

ಬೇಕು ಸಾರ್. ಮಗಳು ಸುಮ್ನೆ ಹೇಳುತ್ತಿಲ್ಲ. ಆ ಜೀನ್ ಸಿಕ್ಕಿ ಮೂವತ್ತು ವರ್ಷ ದಾಟಿದೆ, ಅದರ ಕೆಲಸಗಳ ಪಟ್ಟಿ ಇನ್ನೂ ಬೆಳೆಯುತ್ತಲೇ ಇದೆ.

ಮೊದಲು ಆ ದೊಡ್ಡ ಪದ. ಜೀವಕೋಶ ಅಂದರೆ ನೀರು ತುಂಬಿದ ಚೀಲ ಅಂತ ನಮಗೆ ಶಾಲೆಯಲ್ಲಿ ಚಿತ್ರ ಬರೆಸಿದರು. ಅದು ಚೀಲ ಅಲ್ಲ. ಒಳಗೆ ಸಣ್ಣ ಸಣ್ಣ ಪ್ರೋಟೀನ್ ಎಳೆಗಳ ಒಂದು ಜಾಲ ಇದೆ. ಆಕ್ಟಿನ್ ಎಂಬ ತೆಳು ಎಳೆ, ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆ, ನಡುವೆ ಇನ್ನೂ ಕೆಲವು ಬಗೆ. ಕೋಶಕ್ಕೆ ಆಕಾರ ಕೊಡುವುದು ಇವು, ಒಳಗಿನ ಸಾಮಾನು ಸಾಗಿಸಲು ದಾರಿಯಾಗುವುದೂ ಇವೇ. ಈ ಜಾಲಕ್ಕೆ ಸೈಟೋಸ್ಕೆಲಿಟನ್ ಎನ್ನುತ್ತಾರೆ. ಮೂಳೆಗೂ ಇದಕ್ಕೂ ಸಂಬಂಧ ಇಲ್ಲ. ಮೂಳೆ ಗಟ್ಟಿಯಾಗಿ ನಿಂತಿರುತ್ತದೆ, ಈ ಜಾಲ ಕಟ್ಟಿಕೊಳ್ಳುತ್ತಾ ಬಿಚ್ಚಿಕೊಳ್ಳುತ್ತಾ ಇರುತ್ತದೆ.

ಸ್ನಾಯುವಿನ ಕೋಶ ಉದ್ದನೆಯ ಎಳೆ. ಅದು ದಿನವಿಡೀ ಕುಗ್ಗುತ್ತದೆ, ಹಿಗ್ಗುತ್ತದೆ. ಅದರ ಹೊರಪೊರೆಯೋ ಬಹಳ ತೆಳು. ಒಳಗೆ ಅಷ್ಟು ಜೋರಾಗಿ ಎಳೆದಾಡುತ್ತಿದ್ದರೂ ಪೊರೆ ಹರಿಯುವುದಿಲ್ಲ, ಯಾಕೆ? ನಿಮ್ಮ ಕಣವನ್ನೇ ನೆನಪಿಸಿಕೊಳ್ಳಿ. ಜನವರಿಯಲ್ಲಿ ಕಾಫಿ ಒಣಗಲು ಹಾಕಿರುತ್ತೀರಿ, ಮೋಡ ಕಟ್ಟುತ್ತದೆ, ಓಡಿ ಹೋಗಿ ಟಾರ್ಪಾಲು ಹೊದಿಸುತ್ತೀರಿ. ಅದರ ಅಂಚಿನ ಬಳೆಗೆ ಹಗ್ಗ ಹಾಕಿ ಗೂಟಕ್ಕೆ ಬಿಗಿದರೆ ಗಾಳಿಯ ಎಳೆತ ಗೂಟಕ್ಕೆ ಹೋಗುತ್ತದೆ. ಹಗ್ಗ ಕಟ್ಟದೆ ಬರೀ ಕಲ್ಲು ಹೇರಿದರೆ ಟಾರ್ಪಾಲು ಪಟಪಟ ಹೊಡೆದುಕೊಂಡು ಅಲ್ಲಲ್ಲಿ ಹರಿಯುತ್ತದೆ. ಡಿಸ್ಟ್ರೋಫಿನ್ ಆ ಹಗ್ಗ. ಅದರ ಒಂದು ತುದಿ ಒಳಗಿನ ಆಕ್ಟಿನ್ ಎಳೆಯನ್ನು ಹಿಡಿಯುತ್ತದೆ. ಇನ್ನೊಂದು ತುದಿ ಪೊರೆಯಲ್ಲಿ ಕೂತಿರುವ ಡಿಸ್ಟ್ರೋಗ್ಲೈಕನ್ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಆ ಡಿಸ್ಟ್ರೋಗ್ಲೈಕನ್ ಪೊರೆಯ ಆಚೆಗೆ ಚಾಚಿ, ಕೋಶದ ಹೊರಗಿನ ಲ್ಯಾಮಿನಿನ್ ಎಂಬ ಹಾಸಿನ ಜೊತೆ ಅಂಟಿಕೊಂಡಿರುತ್ತದೆ. ಹೀಗೆ ಒಳಗಿನ ಎಳೆತ ಪೊರೆಯ ಮೇಲೆ ಬೀಳದೆ ಹೊರಗಿನ ಹಾಸಿನ ಕಡೆಗೆ ದಾಟುತ್ತದೆ.

ಡಿಸ್ಟ್ರೋಫಿನ್ ಉದ್ದನೆಯ ಪ್ರೋಟೀನ್. 3,685 ಅಮೈನೋ ಆಮ್ಲಗಳು. ನಡುವೆ ಒಂದೇ ಬಗೆಯ 24 ತುಂಡುಗಳು ಸಾಲಾಗಿ ಇವೆ, ಅಲ್ಲಲ್ಲಿ ಬಾಗುವ ಕೀಲು. ಈ 24 ತುಂಡುಗಳನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಔಷಧಿಯ ಮಾತು ಬಂದಾಗ ಬೇಕಾಗುತ್ತವೆ. ಹಿಡಿದು ನಿಲ್ಲುವುದಷ್ಟೇ ಅದರ ಕೆಲಸ ಅಂದುಕೊಂಡಿದ್ದರು. ಆಮೇಲೆ ನೋಡಿದರೆ ಮೈಕ್ರೋಟ್ಯೂಬ್ಯೂಲ್‌ಗಳು ಓರಣವಾಗಿ ಇರುವುದಕ್ಕೂ ಇದು ಬೇಕು. ಸ್ನಾಯು ದುಡಿಯುವಾಗ ರಕ್ತನಾಳ ಅಗಲವಾಗಬೇಕಲ್ಲ, ಅದಕ್ಕೆ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಪೊರೆಯ ಹತ್ತಿರ ಹಿಡಿದಿಡುವುದೂ ಇದೇ. ಇದೇ ಜೀನ್‌ನಿಂದ ಮಿದುಳಿನಲ್ಲಿ, ಕಣ್ಣಿನ ಅಕ್ಷಿಪಟಲದಲ್ಲಿ ಬೇರೆ ಚಿಕ್ಕ ಪ್ರೋಟೀನ್‌ಗಳು ತಯಾರಾಗುತ್ತವೆ. ಅವು ಅಲ್ಲಿ ಏನೇನು ಮಾಡುತ್ತವೆ ಎನ್ನುವುದರಲ್ಲಿ ನಿಮ್ಮ ಮಗಳಂಥವರಿಗೆ ಇನ್ನೂ ಬೇಕಾದಷ್ಟು ಕೆಲಸ ಇದೆ.

"ಇಲಿಯಲ್ಲಿದ್ದರೆ ನಮಗೇನು" ಅಂದಿರಲ್ಲ. ಇಲಿಯ ಡಿಸ್ಟ್ರೋಫಿನ್ ಮತ್ತು ನಿಮ್ಮ ಡಿಸ್ಟ್ರೋಫಿನ್ ಬಹುಪಾಲು ಒಂದೇ. ಜೀನ್ ಇರುವುದೂ ಎರಡು ಕಡೆ ಎಕ್ಸ್ ಕ್ರೋಮೋಸೋಮಿನಲ್ಲೇ. ಈ ಜೀನ್ ಕೆಟ್ಟರೆ ಗಂಡುಮಕ್ಕಳಿಗೆ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ, ಸ್ನಾಯು ಸವೆಯುತ್ತಾ ಹೋಗುವ ಕಾಯಿಲೆ ಬರುತ್ತದೆ. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ. ಅಪರೂಪದ ಕಾಯಿಲೆ ಅನ್ನುತ್ತಾರೆ. ಆ ಮನೆಯವರಿಗೆ ಅದರಲ್ಲಿ ಅಪರೂಪ ಏನಿಲ್ಲ.

ಮುಂದಿನ ಸಲ ಮಗಳು ಮನೆಗೆ ಬಂದಾಗ "ನಿನ್ನ ಇಲಿ ಹೇಗಿದೆ" ಅಂತ ಕೇಳಿ. ಅವಳು ರಾತ್ರಿ ಊಟ ಆರುವವರೆಗೂ ಮಾತಾಡದಿದ್ದರೆ ನನಗೆ ಬರೆಯಿರಿ.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ಒಂದು ಜೀನ್‌ನ ಕೆಲಸ ಇದೇ ಎಂದು ಹೇಗೆ ಕಂಡುಹಿಡಿಯುತ್ತಾರೆ? ಪುಸ್ತಕದಲ್ಲಿ "ಪ್ರಯೋಗಗಳಿಂದ ತಿಳಿದುಬಂದಿದೆ" ಎಂದು ಒಂದೇ ಸಾಲು ಇದೆ.
— ವಿದ್ಯಾರ್ಥಿನಿ, ಕುಶಾಲನಗರ

ಆ ಒಂದು ಸಾಲನ್ನು ಬಿಡಿಸಿ ಹೇಳುತ್ತೇನೆ. ಇದೇ ಜೀನ್ ಇಟ್ಟುಕೊಂಡು ನೋಡೋಣ.

1984ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಒಂದು ಕಪ್ಪು ಇಲಿಯ ತಳಿಯ ರಕ್ತ ಪರೀಕ್ಷೆ ಮಾಡುತ್ತಿದ್ದರು. ಕೆಲವು ಇಲಿಗಳ ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ವಿಪರೀತ ಜಾಸ್ತಿ. ಅದು ಸ್ನಾಯುವಿನ ಒಳಗೆ ಇರಬೇಕಾದದ್ದು. ರಕ್ತಕ್ಕೆ ಬಂದಿದೆ ಎಂದರೆ ಸ್ನಾಯು ಸೋರುತ್ತಿದೆ. ಇಲಿಗಳೋ ನೋಡಲು ಚೆನ್ನಾಗೇ ಇದ್ದವು. ರಕ್ತ ನೋಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಇಲಿಗೆ ಎಂಡಿಎಕ್ಸ್ ಎಂದು ಹೆಸರಿಟ್ಟರು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಲೂಯಿಸ್ ಕುಂಕೆಲ್ ಅವರ ತಂಡ ಡುಶೇನ್ ಕಾಯಿಲೆಯ ಜೀನ್ ಹುಡುಕುತ್ತಿತ್ತು. 1986ರಲ್ಲಿ ಜೀನ್‌ನ ತುಂಡು ಸಿಕ್ಕಿತು. ಆದರೆ ಅದು ಯಾವ ಪ್ರೋಟೀನನ್ನು ಮಾಡುತ್ತದೆ, ಆ ಪ್ರೋಟೀನ್ ಎಲ್ಲಿರುತ್ತದೆ, ಯಾರಿಗೂ ತಿಳಿಯದು. 1987ರಲ್ಲಿ ಅವರು ಮಾಡಿದ ಕೆಲಸ ನನಗೆ ಬಹಳ ಇಷ್ಟ. ಇಲಿಯ ಜೀನ್‌ನ ತುಂಡುಗಳಿಂದ ಪ್ರೋಟೀನ್ ತುಂಡು ಮಾಡಿಸಿದರು, ಆ ಪ್ರೋಟೀನನ್ನೇ ಹುಡುಕಿ ಹಿಡಿಯುವ ಆಂಟಿಬಾಡಿ ತಯಾರಿಸಿದರು. ಆ ಆಂಟಿಬಾಡಿಯನ್ನು ಸ್ನಾಯುವಿನ ಮೇಲೆ ಹಾಕಿ ನೋಡಿದರು. ಆರೋಗ್ಯವಂತ ಸ್ನಾಯುವಿನಲ್ಲಿ ಒಂದು ದೊಡ್ಡ ಪ್ರೋಟೀನ್ ಕಾಣಿಸಿತು. ಕಾಯಿಲೆಯ ಹುಡುಗರ ಸ್ನಾಯುವಿನಲ್ಲಿ ಇಲ್ಲ. ಎಂಡಿಎಕ್ಸ್ ಇಲಿಯಲ್ಲೂ ಇಲ್ಲ. ಆ ಪ್ರೋಟೀನಿಗೆ ಡಿಸ್ಟ್ರೋಫಿನ್ ಎಂಬ ಹೆಸರು ಬಂದದ್ದು ಆಗಲೇ. ಸ್ನಾಯುವಿನ ಒಟ್ಟು ಪ್ರೋಟೀನಿನಲ್ಲಿ ಅದರ ಪಾಲು ಶೇಕಡಾ 0.002 ಮಾತ್ರ. ಅಷ್ಟು ಸ್ವಲ್ಪ ಇದ್ದದ್ದರಿಂದಲೇ ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

1989ರಲ್ಲಿ ಇಲಿಯ ತಪ್ಪು ಎಲ್ಲಿದೆ ಎಂದೂ ಸಿಕ್ಕಿತು. 23ನೇ ಎಕ್ಸಾನ್‌ನಲ್ಲಿ (ಪ್ರೋಟೀನ್ ಮಾಡಲು ಕೋಶ ಓದುವ ಜೀನ್ ತುಂಡಿಗೆ ಎಕ್ಸಾನ್ ಎನ್ನುತ್ತಾರೆ) ಒಂದೇ ಒಂದು ಡಿಎನ್‌ಎ ಅಕ್ಷರ. ಸಿ ಇರಬೇಕಾದ ಕಡೆ ಟಿ. ಸಿಎಎ ಎಂಬುದು ಟಿಎಎ ಆಯಿತು. ಟಿಎಎ ಅಂದರೆ "ಇಲ್ಲಿಗೆ ನಿಲ್ಲಿಸು". ಕೋಶ ಪ್ರೋಟೀನ್ ಕಟ್ಟುವುದನ್ನು ಅಷ್ಟಕ್ಕೇ ನಿಲ್ಲಿಸಿಬಿಡುತ್ತದೆ. ಮನುಷ್ಯನಲ್ಲಿ ಈ ಜೀನ್ ಸುಮಾರು 22 ಲಕ್ಷ ಅಕ್ಷರ ಉದ್ದ, 79 ಎಕ್ಸಾನ್. ನಮ್ಮ ಅತಿ ಉದ್ದದ ಜೀನ್‌ಗಳಲ್ಲಿ ಇದೂ ಒಂದು. ಒಂದು ಸಲ ಪೂರ್ತಿ ನಕಲು ಮಾಡಲು ಕೋಶಕ್ಕೆ ಸುಮಾರು 16 ಗಂಟೆ ಬೇಕು. ಇಷ್ಟು ಉದ್ದ ಇರುವುದರಿಂದ ತಪ್ಪು ಆಗುವ ಜಾಗವೂ ಜಾಸ್ತಿ.

ಈಗ ಲ್ಯಾಬಿನೊಳಗೆ ಬಾ. ಇಲಿಯ ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ, ಒಂದು ಸ್ನಾಯು ಇದೆ. ಸುಮಾರು ಒಂದು ಸೆಂಟಿಮೀಟರ್ ಉದ್ದ. ಅದನ್ನು ಬಿಡಿಸಿ ತೆಗೆದು, ದ್ರವ ಸಾರಜನಕದಲ್ಲಿ ತಣ್ಣಗೆ ಮಾಡಿದ ಐಸೋಪೆಂಟೇನ್ ಎಂಬ ದ್ರವದಲ್ಲಿ ಅದ್ದುತ್ತೇವೆ. ಚೊಯ್ ಎಂದು ಸದ್ದು ಮಾಡಿ ಬೆಳ್ಳಗಾಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಐಸ್ ಹರಳು ಬೆಳೆದು ಎಲ್ಲ ತೂತು ತೂತು, ಅದಕ್ಕೇ ಈ ಅವಸರ. ಆಮೇಲೆ ಕ್ರಯೋಸ್ಟಾಟ್ ಎಂಬ ಯಂತ್ರ. ಒಳಗೆ ಮೈನಸ್ 20 ಡಿಗ್ರಿ. ಬ್ಲೇಡಿನ ಮೇಲಿಂದ 10 ಮೈಕ್ರಾನ್ ದಪ್ಪದ ಪದರ ಇಳಿಯುತ್ತದೆ. ಮಿಲಿಮೀಟರಿನ ನೂರರಲ್ಲಿ ಒಂದು ಭಾಗ. ಜೋರಾಗಿ ಉಸಿರು ಬಿಟ್ಟರೂ ಸುರುಳಿ ಸುತ್ತಿಕೊಳ್ಳುತ್ತದೆ. ಸಣ್ಣ ಬ್ರಷ್ಷಿನಿಂದ ಅಂಚು ಹಿಡಿದು ಗಾಜಿಗೆ ತಾಗಿಸಿದರೆ ಸಾಕು, ತಾನೇ ಅಂಟಿಕೊಳ್ಳುತ್ತದೆ. ಮಾರ್ಚಿಯಲ್ಲಿ ಬೆಂಗಳೂರಿನ ಸೆಖೆಯಲ್ಲಿ ಆ ಯಂತ್ರದ ಬಾಯಿಗೆ ಕೈ ಇಟ್ಟು ಕೂರಲು ನಾವು ಜಗಳ ಆಡುತ್ತಿದ್ದೆವು, ಅದು ಬೇರೆ ಮಾತು.

ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಸ್ನಾಯುವಿನ ಎಳೆಗಳು ಗುಲಾಬಿ, ಕೋಶಕೇಂದ್ರಗಳು ನೀಲಿ. ಒಳ್ಳೆಯ ಸ್ನಾಯುವಿನಲ್ಲಿ ಕೋಶಕೇಂದ್ರಗಳು ಎಳೆಯ ಅಂಚಿನಲ್ಲಿ ಕೂತಿರುತ್ತವೆ. ಎಂಡಿಎಕ್ಸ್ ಇಲಿಯಲ್ಲಿ ಎಳೆ ಎಳೆಗೂ ನಟ್ಟನಡುವೆ ಒಂದು ನೀಲಿ ಚುಕ್ಕಿ. ಅದರ ಅರ್ಥ, ಆ ಎಳೆ ಒಮ್ಮೆ ಸತ್ತು ಮತ್ತೆ ಹುಟ್ಟಿದ್ದು. ಒಂದು ಸಲ ನೋಡಿದರೆ ಮರೆಯುವುದಿಲ್ಲ. ಹೆಸರು ಮುಚ್ಚಿ ಎರಡು ಸ್ಲೈಡ್ ಕೊಟ್ಟರೆ ನೀನೇ ಹೇಳಬಲ್ಲೆ.

ಆದರೆ ಪೊರೆ ನಿಜಕ್ಕೂ ಹರಿಯುತ್ತದೆ ಎನ್ನಲು ಏನು ಸಾಕ್ಷಿ? ಇವಾನ್ಸ್ ಬ್ಲೂ ಎಂಬ ಬಣ್ಣ ಇದೆ. ಇಲಿಗೆ ಅದನ್ನು ಚುಚ್ಚಿದರೆ ರಕ್ತದಲ್ಲಿ ಸುತ್ತುತ್ತದೆ. ಪೊರೆ ಸರಿ ಇರುವ ಎಳೆಯೊಳಗೆ ನುಗ್ಗಲಾರದು. ಸಾಮಾನ್ಯ ಇಲಿಯ ಸ್ನಾಯು ತನ್ನ ಬಣ್ಣದಲ್ಲೇ ಉಳಿಯುತ್ತದೆ. ಎಂಡಿಎಕ್ಸ್ ಇಲಿಯ ಸ್ನಾಯುವಿನಲ್ಲಿ ಬರಿಗಣ್ಣಿಗೇ ನೀಲಿ ಗೆರೆಗಳು ಕಾಣುತ್ತವೆ. ಹರಿದ ಪೊರೆಯಿಂದ ಬಣ್ಣ ಒಳಕ್ಕೆ ಬಂತು, ಅದೇ ದಾರಿಯಲ್ಲಿ ಕ್ಯಾಲ್ಸಿಯಂ ಕೂಡ ಬರುತ್ತದೆ. ಕ್ಯಾಲ್ಸಿಯಂ ಜಾಸ್ತಿಯಾದರೆ ಕೋಶದ ಒಳಗಿನ ಕಿಣ್ವಗಳು ಕೋಶವನ್ನೇ ಅರಗಿಸತೊಡಗುತ್ತವೆ.

ಇನ್ನೊಂದು ಹೆಜ್ಜೆ ಇದೆ, ಪರೀಕ್ಷೆಯಲ್ಲಿ ಕೇಳಿದರೆ ಇದನ್ನು ಬಿಡಬೇಡ. ಜೀನ್ ಇಲ್ಲದ್ದರಿಂದ ಕೆಟ್ಟಿತು ಎಂದು ತೋರಿಸಿದರೆ ಅರ್ಧ ಕೆಲಸ. ಅದೇ ಜೀನ್ ಮತ್ತೆ ಕೊಟ್ಟು ಸರಿಹೋಯಿತು ಎಂದೂ ತೋರಿಸಬೇಕು. ಎಂಡಿಎಕ್ಸ್ ಇಲಿಗೆ ಡಿಸ್ಟ್ರೋಫಿನ್ ಜೀನ್ ಸೇರಿಸಿದ ತಳಿಗಳನ್ನು 1990ರ ದಶಕದಲ್ಲೇ ಮಾಡಿದರು. ಸ್ನಾಯು ಉಳಿಯಿತು. ಆಗ ಮಾತ್ರ "ತಿಳಿದುಬಂದಿದೆ" ಅನ್ನಬಹುದು.

ಪ್ರಶ್ನೆ: ತಡಿಯಂಡಮೋಳ್ ಹತ್ತುವಾಗ ಏನೂ ಆಗುವುದಿಲ್ಲ. ಇಳಿದು ಬಂದ ಮರುದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗುವುದಿಲ್ಲ. ಹತ್ತುವುದೇ ಕಷ್ಟ ಅಲ್ವಾ? ಇಳಿದದ್ದಕ್ಕೆ ಯಾಕೆ ನೋವು?
— ಹಾಕಿ ಆಟಗಾರ, ವಿರಾಜಪೇಟೆ

ಇದು ಇಲಿಯ ಪ್ರಶ್ನೆ ಅಲ್ಲ ಎಂದು ನೀವು ಅಂದುಕೊಂಡಿರಬಹುದು. ಇದೂ ಅದೇ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ದಮ್ಮು ಹತ್ತುತ್ತದೆ, ಆದರೆ ಸ್ನಾಯುವಿಗೆ ಪೆಟ್ಟು ಕಡಿಮೆ. 1,748 ಮೀಟರಿನಿಂದ ಇಳಿಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲು ಮಡಚುತ್ತದೆ, ಸ್ನಾಯು ಬಿಗಿಹಿಡಿಯುತ್ತಿದ್ದರೂ ಉದ್ದವಾಗುತ್ತಾ ಹೋಗುತ್ತದೆ. ಬಿಗಿ ಹಿಡಿದಾಗಲೇ ಎಳೆಸಿಕೊಳ್ಳುವುದು ಸ್ನಾಯುವಿಗೆ ಎಲ್ಲಕ್ಕಿಂತ ಕೆಟ್ಟದ್ದು. ಎಳೆಗಳಲ್ಲಿ ಸಣ್ಣ ಸಣ್ಣ ಹಾನಿ ಆಗುತ್ತದೆ, ಮರುದಿನ ರಕ್ತ ನೋಡಿದರೆ ನಿಮ್ಮಲ್ಲೂ ಕ್ರಿಯಾಟಿನ್ ಕೈನೇಸ್ ಏರಿರುತ್ತದೆ. ಕೆಲವು ದಿನದಲ್ಲಿ ಸರಿಹೋಗುತ್ತದೆ. ಮುಂದಿನ ಸಲ ಅದೇ ಗುಡ್ಡಕ್ಕೆ ನೋವು ಕಡಿಮೆ.

ಲ್ಯಾಬಿನಲ್ಲಿ ಎಂಡಿಎಕ್ಸ್ ಇಲಿಯ ಕಾಯಿಲೆ ಎದ್ದು ಕಾಣಬೇಕು ಎಂದರೆ ಅದನ್ನು ಟ್ರೆಡ್‌ಮಿಲ್ ಮೇಲೆ ಓಡಿಸುತ್ತಾರೆ. ಅನೇಕ ಸಲ ಆ ಟ್ರೆಡ್‌ಮಿಲ್ ಸಪಾಟಾಗಿ ಇರುವುದಿಲ್ಲ, ಏರು ಕೂಡ ಅಲ್ಲ. ಇಳಿಜಾರು.

ನೀವು ಇಳಿಯುವಾಗ ಕೋಲು ಹಿಡಿದುಕೊಳ್ಳಿ, ಹೆಜ್ಜೆ ಚಿಕ್ಕದಾಗಿ ಇಡಿ. ಮಾರನೇ ದಿನ ಮ್ಯಾಚ್ ಇದ್ದರೆ ಬೆಟ್ಟದ ಯೋಚನೆ ಬಿಡಿ.

ಪ್ರಶ್ನೆ: ಡಿಸ್ಟ್ರೋಫಿನ್ ಇಲ್ಲದ ಇಲಿ ಚೆನ್ನಾಗಿ ಓಡಾಡಿಕೊಂಡು ಹೆಚ್ಚು ಕಡಿಮೆ ಪೂರ್ತಿ ಆಯಸ್ಸು ಬದುಕುತ್ತದೆ ಎಂದು ಓದಿದೆ. ಮಕ್ಕಳಾದರೆ ಹನ್ನೆರಡನೇ ವಯಸ್ಸಿನ ಹೊತ್ತಿಗೆ ಗಾಲಿಕುರ್ಚಿ. ಹಾಗಿದ್ದರೆ ಈ ಇಲಿಯಿಂದ ಕಲಿಯುವುದು ಏನು? ತಪ್ಪು ಪ್ರಾಣಿಯನ್ನು ಹಿಡಿದುಕೊಂಡಿದ್ದಾರೆ ಅನ್ನಿಸುವುದಿಲ್ಲವೇ?
— ನಿವೃತ್ತ ಬ್ಯಾಂಕ್ ನೌಕರರು, ಮಡಿಕೇರಿ

ಈ ತಿಂಗಳ ಒಳ್ಳೆಯ ಪ್ರಶ್ನೆ ಇದು. ವಿಜ್ಞಾನಿಗಳೂ ಇದನ್ನೇ ಕೇಳಿ ಒಬ್ಬರ ಮೇಲೊಬ್ಬರು ರೇಗಿದ್ದಾರೆ.

ಇಲಿಗೆ ಏನೂ ಆಗುವುದಿಲ್ಲ ಎನ್ನುವುದು ಪೂರ್ತಿ ನಿಜ ಅಲ್ಲ. ಹುಟ್ಟಿ ಮೂರು ವಾರದ ಹೊತ್ತಿಗೆ ಕಾಲಿನ ಸ್ನಾಯುಗಳಲ್ಲಿ ಎಳೆಗಳು ಗುಂಪು ಗುಂಪಾಗಿ ಸಾಯತೊಡಗುತ್ತವೆ. ಆದರೆ ಇಲಿಯ ಸ್ನಾಯುವಿನಲ್ಲಿ ಸ್ಯಾಟಲೈಟ್ ಕೋಶಗಳು ಎಂಬ ಮೀಸಲು ಪಡೆ ಇದೆ, ನಮ್ಮಲ್ಲೂ ಇದೆ. ಅವು ಎದ್ದು ಹೊಸ ಎಳೆ ಕಟ್ಟುತ್ತವೆ. ಕೆಲವೇ ವಾರದಲ್ಲಿ ಇಲಿ ಸುಧಾರಿಸಿಕೊಳ್ಳುತ್ತದೆ, ಕೆಲವು ಸ್ನಾಯುಗಳು ಮೊದಲಿಗಿಂತ ದಪ್ಪವೂ ಆಗುತ್ತವೆ. ಮಕ್ಕಳಲ್ಲಿ ಈ ರಿಪೇರಿ ವರ್ಷಗಟ್ಟಲೆ ನಡೆದು ಸೋಲುತ್ತದೆ. ಸ್ನಾಯುವಿನ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತದೆ. ಇಲಿಯಲ್ಲೂ ಒಂದು ಕಡೆ ಹೀಗೇ ಆಗುತ್ತದೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ. ಉಸಿರಾಡುವ ಸ್ನಾಯು, ಅದಕ್ಕೆ ರಜೆ ಇಲ್ಲ. 1991ರಲ್ಲಿ ನೋಡಿದಾಗ ಎಂಡಿಎಕ್ಸ್ ಇಲಿಯ ವಪೆ ಮನುಷ್ಯರ ಕಾಯಿಲೆಯ ಹಾಗೇ ಹಾಳಾಗಿತ್ತು. ಕಾಲು ನೋಡಿ ಮಾತಾಡುತ್ತಿದ್ದವರು ಆಮೇಲೆ ವಪೆ ನೋಡಲು ಶುರುಮಾಡಿದರು.

ಆದರೂ ಪ್ರಶ್ನೆ ಉಳಿಯಿತು. ಕಾಲಿನ ಸ್ನಾಯು ಹೇಗೆ ಉಳಿಯುತ್ತದೆ? ಉತ್ತರದ ಒಂದು ದೊಡ್ಡ ಪಾಲು ಯುಟ್ರೋಫಿನ್. 1989ರಲ್ಲಿ ಇಂಗ್ಲೆಂಡಿನ ಕೇ ಡೇವಿಸ್ ಅವರ ತಂಡ ಡಿಸ್ಟ್ರೋಫಿನ್‌ಗೆ ಬಹಳ ಹತ್ತಿರದ ಇನ್ನೊಂದು ಜೀನನ್ನು ಕಂಡುಹಿಡಿಯಿತು. ಅದು ಎಕ್ಸ್ ಕ್ರೋಮೋಸೋಮಿನಲ್ಲಿ ಇಲ್ಲ. ಮನುಷ್ಯನಲ್ಲಿ 6ನೇ ಕ್ರೋಮೋಸೋಮ್, ಇಲಿಯಲ್ಲಿ 10ನೆಯದು. ಭ್ರೂಣದ ಸ್ನಾಯುವಿನಲ್ಲಿ ಎಳೆಯ ಉದ್ದಕ್ಕೂ ಯುಟ್ರೋಫಿನ್ ಇರುತ್ತದೆ. ಬೆಳೆದ ಮೇಲೆ ಅದು ನರ ಬಂದು ಸೇರುವ ಜಾಗಕ್ಕೆ ಸರಿದು ಕೂರುತ್ತದೆ, ಉಳಿದ ಕಡೆಗೆ ಡಿಸ್ಟ್ರೋಫಿನ್ ಬರುತ್ತದೆ. ಎಂಡಿಎಕ್ಸ್ ಇಲಿಯಲ್ಲಿ ಡಿಸ್ಟ್ರೋಫಿನ್ ಬರುವುದೇ ಇಲ್ಲವಲ್ಲ, ಯುಟ್ರೋಫಿನ್ ಮತ್ತೆ ಎಳೆಯ ಉದ್ದಕ್ಕೂ ಹರಡಿಕೊಂಡು ಆಕ್ಟಿನ್ನಿಗೂ ಡಿಸ್ಟ್ರೋಗ್ಲೈಕನ್‌ಗೂ ನಡುವೆ ನಿಲ್ಲುತ್ತದೆ.

ಇದು ಊಹೆ ಅಲ್ಲ. 1997ರಲ್ಲಿ ಎರಡು ತಂಡಗಳು ಎರಡೂ ಜೀನ್ ಇಲ್ಲದ ಇಲಿ ಮಾಡಿದವು. ಅವು ಬೆನ್ನು ಬಾಗಿ, ಬಡಕಲಾಗಿ, ಹೆಚ್ಚಿನವು ಐದು ತಿಂಗಳ ಒಳಗೇ ಸತ್ತವು. ಅದಕ್ಕೂ ಮೊದಲೇ, 1996ರಲ್ಲಿ, ಎಂಡಿಎಕ್ಸ್ ಇಲಿಯಲ್ಲಿ ಯುಟ್ರೋಫಿನ್ ಇನ್ನೂ ಜಾಸ್ತಿ ಮಾಡಿಸಿದಾಗ ಸ್ನಾಯು ಸುಧಾರಿಸಿದ್ದನ್ನು ತೋರಿಸಿಯಾಗಿತ್ತು. ಒಂದು ತೆಗೆದರೆ ಓಡುತ್ತದೆ, ಎರಡೂ ತೆಗೆದರೆ ಸಾಯುತ್ತದೆ. ಜೀನ್ ಒಂದರ ಕೆಲಸ ಗೊತ್ತಾಗಬೇಕಾದರೆ ಅದರ ಪಕ್ಕ ಯಾರು ನಿಂತಿದ್ದಾರೆ ಎಂದೂ ನೋಡಬೇಕಾಗುತ್ತದೆ. ಇಲಿ ಮೊದಲೇ ಸತ್ತುಹೋಗಿದ್ದರೆ ಯುಟ್ರೋಫಿನ್ ಇಂಥ ಕೆಲಸ ಮಾಡಬಲ್ಲದು ಎಂದು ಯಾರಿಗೆ ಹೊಳೆಯುತ್ತಿತ್ತು? ನನ್ನ ಲೆಕ್ಕದಲ್ಲಿ ಈ ಇಲಿ ನಮಗೆ ಕೊಟ್ಟ ದೊಡ್ಡ ಸಂಗತಿ ಅದರ ಕಾಯಿಲೆ ಅಲ್ಲ, ಅದು ಓಡಾಡಿಕೊಂಡಿರುವುದು.

ಬೇರೆ ಕಾರಣಗಳೂ ಇವೆ. ಇಲಿಯ ತೂಕ 25–30 ಗ್ರಾಂ, ಅದರ ಸ್ನಾಯು ಹೊರುವ ಭಾರ ಎಷ್ಟು? ಆಯಸ್ಸು ಎರಡು ವರ್ಷ. ಮೀಸಲು ಕೋಶ ದಣಿಯುವಷ್ಟರಲ್ಲಿ ಇಲಿಯೇ ಮುದಿಯಾಗಿರುತ್ತದೆ. ಮತ್ತೊಂದು, ಲ್ಯಾಬ್ ಇಲಿಗಳ ಕ್ರೋಮೋಸೋಮಿನ ತುದಿಯ ಟೆಲೋಮಿಯರ್ ನಮ್ಮದಕ್ಕಿಂತ ಬಹಳ ಉದ್ದ, ಅಂದರೆ ಕೋಶ ಹೆಚ್ಚು ಸಲ ಒಡೆಯಬಲ್ಲದು. 2010ರಲ್ಲಿ ಎಂಡಿಎಕ್ಸ್ ಇಲಿಯ ಟೆಲೋಮಿಯರ್ ಗಿಡ್ಡ ಮಾಡಿ ನೋಡಿದರು. ಕಾಯಿಲೆ ಮಕ್ಕಳ ಕಾಯಿಲೆಗೆ ಹತ್ತಿರ ಬಂತು.

ಗೋಲ್ಡನ್ ರಿಟ್ರೀವರ್ ನಾಯಿಗಳಲ್ಲೂ ಇದೇ ಜೀನ್ ಕೆಟ್ಟ ತಳಿ ಇದೆ. ಅವುಗಳ ಕಾಯಿಲೆ ಮಕ್ಕಳ ಹಾಗೇ ಜೋರು. "ಸರಿಯಾದ ಪ್ರಾಣಿ" ಬೇಕು ಎಂದರೆ ಅದು. ಅವುಗಳ ವೀಡಿಯೊ ಒಂದು ನೋಡಿದ್ದೇನೆ, ಎರಡನೆಯದು ನೋಡಲು ಮನಸ್ಸಾಗಲಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ. ನೆಲದಲ್ಲಿ ಕೂತರೆ ಏಳುವಾಗ ಮೊದಲು ಕೈ ಊರುತ್ತಾನೆ, ಆಮೇಲೆ ಮೊಣಕಾಲು, ತೊಡೆ ಹಿಡಿದು ಮೇಲೆ ಬರುತ್ತಾನೆ. ಮೀನಖಂಡ ದಪ್ಪ ಇದೆ, ಎಲ್ಲರೂ "ಗಟ್ಟಿ ಹುಡುಗ" ಅನ್ನುತ್ತಾರೆ. ಒಂದು ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಲಿವರ್ ತೊಂದರೆ ಇರಬಹುದು ಅಂದರು. ಕಾಮಾಲೆ ಔಷಧಿ ಕೊಡಿಸುತ್ತಿದ್ದೇವೆ. ಹೋದ ಸಂಚಿಕೆಯ ನಿಮ್ಮ ಎರಡು ಸಾಲು ಓದಿ ಭಯ ಆಯಿತು.
— ಒಬ್ಬ ತಾಯಿ, ಸೋಮವಾರಪೇಟೆ ತಾಲ್ಲೂಕು

ಅಮ್ಮಾ, ಪತ್ರಿಕೆ ಅಚ್ಚಾಗುವವರೆಗೆ ಕಾಯದೆ ನಿಮಗೆ ಆಗಲೇ ಉತ್ತರ ಬರೆದಿದ್ದೇನೆ. ಇಲ್ಲಿ ಮತ್ತೆ ಹಾಕುತ್ತಿರುವುದು ಬೇರೆ ತಾಯಂದಿರಿಗಾಗಿ.

ನೀವು ಬರೆದ ಹಾಗೆ ತನ್ನ ಮೈಯನ್ನೇ ಹಿಡಿದು ಏಳುವುದನ್ನು ಗವರ್ಸ್ ಚಿಹ್ನೆ ಎನ್ನುತ್ತಾರೆ. ಸೊಂಟ, ತೊಡೆಯ ಸ್ನಾಯುವಿನಲ್ಲಿ ಬಲ ಕಡಿಮೆ ಎಂದು ಅದರ ಅರ್ಥ. ಅದಕ್ಕೆ ಕಾರಣ ಹಲವು ಇರಬಹುದು, ಡುಶೇನ್ ಅದರಲ್ಲಿ ಒಂದು. ಕಾಗದ ನೋಡಿ ನಾನು ಹೇಳಲಾರೆ, ಹೇಳಬಾರದು. ಆದರೆ ಒಂದು ಪರೀಕ್ಷೆ ನಾಳೆಯೇ ಮಾಡಿಸಬೇಕು. ಅದರ ಹೆಸರು ಸಿಪಿಕೆ ಅಥವಾ ಸಿಕೆ, ಅದೇ ಕ್ರಿಯಾಟಿನ್ ಕೈನೇಸ್. ಸಾಮಾನ್ಯವಾಗಿ ಅದು ಒಂದೆರಡು ನೂರರ ಒಳಗೆ ಇರುತ್ತದೆ. ಡುಶೇನ್ ಇರುವ ಮಕ್ಕಳಲ್ಲಿ ಹತ್ತಾರು ಸಾವಿರಕ್ಕೆ ಏರುತ್ತದೆ. ಇದೊಂದು ಸಾದಾ ರಕ್ತ ಪರೀಕ್ಷೆ, ಎಲ್ಲ ಕಡೆಯೂ ಮಾಡುತ್ತಾರೆ.

ಲಿವರ್ ಮಾತಿಗೆ ಬರೋಣ. ಲಿವರ್ ಪರೀಕ್ಷೆಯಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಎಂಬ ಎರಡು ಕಿಣ್ವ ಸ್ನಾಯುವಿನಲ್ಲೂ ಇವೆ. ಸ್ನಾಯು ಸೋರಿದರೆ ಅವೂ ರಕ್ತದಲ್ಲಿ ಏರುತ್ತವೆ. ಲಿವರ್ ಸರಿಯಾಗೇ ಇರುತ್ತದೆ. ಡುಶೇನ್ ಮಕ್ಕಳು ಮೊದಲು ಲಿವರ್ ಡಾಕ್ಟರ ಬಳಿ ಸುತ್ತುವುದು ಪ್ರಪಂಚದ ಎಲ್ಲ ಕಡೆ ಆಗುವ ಕಥೆ. ಈ ಎರಡು ಜಾಸ್ತಿ ಬಂದ ಮಗು ಏಳಲು ಕಷ್ಟಪಡುತ್ತಿದ್ದರೆ "ಸಿಪಿಕೆ ಒಂದು ಮಾಡಿಸಿ ಡಾಕ್ಟ್ರೇ" ಎಂದು ನೀವೇ ಕೇಳಬಹುದು. ಸಂಕೋಚ ಬೇಡ. ಕಾಮಾಲೆ ಔಷಧಿ ಕೊಡುತ್ತಿರುವುದನ್ನೂ ಅವರಿಗೆ ತಿಳಿಸಿ.

ಮೀನಖಂಡ ದಪ್ಪ ಕಾಣುವುದು ಗಟ್ಟಿತನ ಅಲ್ಲದೆಯೂ ಇರಬಹುದು. ಸ್ನಾಯುವಿನ ಜಾಗದಲ್ಲಿ ಕೊಬ್ಬು, ನಾರು ಸೇರಿದರೂ ಹಾಗೇ ಕಾಣುತ್ತದೆ.

ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಮೊದಲು ಹೋಗಿ. ಸಿಪಿಕೆ ಜಾಸ್ತಿ ಬಂದರೆ ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸುತ್ತಾರೆ, ನರ ಮತ್ತು ಸ್ನಾಯು ಕಾಯಿಲೆ ನೋಡುವವರು ಅಲ್ಲಿದ್ದಾರೆ. ಈಗ ಸ್ನಾಯು ಕತ್ತರಿಸಿ ನೋಡುವ ಮೊದಲು ರಕ್ತದಿಂದಲೇ ಜೀನ್ ಪರೀಕ್ಷೆ ಮಾಡುತ್ತಾರೆ. ಜೀನ್‌ನಲ್ಲಿ ಯಾವ ಜಾಗ ಕೆಟ್ಟಿದೆ ಎಂಬ ಆ ರಿಪೋರ್ಟ್ ಜೋಪಾನ. ಮುಂದೆ ಯಾವುದೇ ಹೊಸ ಔಷಧಿ ಬಂದರೂ ಮೊದಲು ಕೇಳುವುದು ಅದನ್ನೇ. ಡುಶೇನ್ ಎಂದೇ ಆದರೆ ಸ್ಟೆರಾಯ್ಡ್ ಮಾತ್ರೆ ಇದೆ, ಅದು ನಡೆಯುವ ಕಾಲವನ್ನು ಕೆಲವು ವರ್ಷ ಮುಂದೂಡುತ್ತದೆ. ಹೃದಯ, ಉಸಿರು ಎರಡನ್ನೂ ಆಗಾಗ ನೋಡಿಸಬೇಕು. ಹುಡುಗನಿಗೆ ಬಲ ಬರಲಿ ಎಂದು ಗುಡ್ಡ ಹತ್ತಿಸಿ ಇಳಿಸುವುದು ಬೇಡ. ಯಾಕೆ ಎಂದು ಮೇಲೆ ಹಾಕಿ ಆಟಗಾರರಿಗೆ ಬರೆದಿದ್ದೇನೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ತಾಯಿಯಿಂದ ಮಗನಿಗೆ ಬರುತ್ತದೆ. ಮನೆಯಲ್ಲಿ ಯಾರಾದರೂ "ನಿನ್ನ ಕಡೆಯಿಂದ ಬಂತು" ಅನ್ನಬಹುದು. ಸುಮಾರು ಮೂರರಲ್ಲಿ ಒಂದು ಮಗುವಿಗೆ ತಾಯಿಯಲ್ಲಿ ಇಲ್ಲದ ತಪ್ಪು ಹೊಸದಾಗಿಯೇ ಹುಟ್ಟಿರುತ್ತದೆ. ತಾಯಿಯಲ್ಲಿ ಇದ್ದರೂ ಅದು ಅವಳು ಮಾಡಿಕೊಂಡದ್ದಲ್ಲ. ಅಂಥ ತಾಯಂದಿರು ತಮ್ಮ ಹೃದಯವನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕು, ಅದನ್ನು ಹೇಳುವವರು ಕಡಿಮೆ.

ಪ್ರಶ್ನೆ: "ಇಲಿಯಲ್ಲಿ ಸ್ನಾಯು ಕಾಯಿಲೆ ವಾಸಿ" ಎಂದು ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಮನುಷ್ಯರಿಗೆ ಯಾವಾಗ?
— ಓದುಗರು, ಸಿದ್ದಾಪುರ

ಇಲಿಯಲ್ಲಿ ವಾಸಿ ಎಂದು ಓದಿದರೆ ನಂಬಿ. ತಲೆಬರಹದಲ್ಲಿ "ಇಲಿ" ಎಂಬ ಪದವೇ ಇಲ್ಲದಿದ್ದರೆ ಪತ್ರಿಕೆ ಮಡಚಿಡಿ.

ಯುಟ್ರೋಫಿನ್ ಹೆಚ್ಚಿಸುವ ಎಜುಟ್ರೋಮಿಡ್ ಎಂಬ ಔಷಧಿ ಇಲಿಯಲ್ಲಿ ಚೆನ್ನಾಗಿತ್ತು. ಹುಡುಗರಲ್ಲಿ ಫಲ ಕಾಣಲಿಲ್ಲ, 2018ರಲ್ಲಿ ಕೈಬಿಟ್ಟರು. ಎಕ್ಸಾನ್ ಹಾರಿಸುವ ಉಪಾಯ ಬೇರೆ. ಕೆಟ್ಟ ಎಕ್ಸಾನನ್ನು ಕೋಶ ಓದದೆ ದಾಟುವಂತೆ ಮಾಡುವುದು. ಪ್ರೋಟೀನ್ ಸ್ವಲ್ಪ ಗಿಡ್ಡ ಆಗುತ್ತದೆ, ಆದರೆ ಎರಡೂ ತುದಿ ಉಳಿಯುತ್ತವೆ. ಎಂಡಿಎಕ್ಸ್ ಇಲಿಯಲ್ಲಿ 23ನೆಯದನ್ನು ಹಾರಿಸಿ ತೋರಿಸಿದರು. 2016ರಲ್ಲಿ ಅಮೆರಿಕದಲ್ಲಿ 51ನೇ ಎಕ್ಸಾನ್ ಹಾರಿಸುವ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದು ಹೊಂದುವುದು ಸುಮಾರು ನೂರರಲ್ಲಿ 13 ಮಕ್ಕಳಿಗೆ, ಹುಟ್ಟುವ ಡಿಸ್ಟ್ರೋಫಿನ್ ಕೂಡ ಬಹಳ ಸ್ವಲ್ಪ.

ಆಗ ಹೇಳಿದ 24 ತುಂಡುಗಳು ಈಗ ಬೇಕು. 1990ರಲ್ಲಿ ವೈದ್ಯರು ಒಬ್ಬ ರೋಗಿಯ ಬಗ್ಗೆ ಬರೆದರು. ಅವರ ಡಿಸ್ಟ್ರೋಫಿನ್ ಜೀನ್‌ನಲ್ಲಿ 17ರಿಂದ 48ರವರೆಗಿನ ಎಕ್ಸಾನ್‌ಗಳೇ ಇಲ್ಲ. ಹತ್ತಿರ ಹತ್ತಿರ ಅರ್ಧ ಪ್ರೋಟೀನ್ ಹೋಗಿದೆ. ವಯಸ್ಸು 61, ಇನ್ನೂ ನಡೆಯುತ್ತಿದ್ದಾರೆ! ನಡುವಿನ ತುಂಡುಗಳಲ್ಲಿ ಬಹಳಷ್ಟು ಇಲ್ಲದಿದ್ದರೂ ನಡೆಯುತ್ತದೆ ಎಂದಾಯಿತು. ಒಳ್ಳೆಯ ಜೀನನ್ನು ಸ್ನಾಯುವಿನ ಕೋಶಕ್ಕೆ ಹೊತ್ತೊಯ್ಯಲು ವೈರಸ್ ಬಳಸುತ್ತಾರೆ. ಅದರಲ್ಲಿ ಜಾಗ ಬಹಳ ಕಡಿಮೆ, ಪೂರ್ತಿ ಡಿಸ್ಟ್ರೋಫಿನ್ ಹಿಡಿಸುವುದಿಲ್ಲ. ಹಾಗಾಗಿ ಎರಡು ತುದಿ, ನಡುವೆ ಕೆಲವೇ ತುಂಡು ಇಟ್ಟು ಮೈಕ್ರೋಡಿಸ್ಟ್ರೋಫಿನ್ ಮಾಡಿದರು. ಇಲಿಯಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿತು. 2023ರಲ್ಲಿ ಅಮೆರಿಕ ಇದಕ್ಕೂ ಒಪ್ಪಿಗೆ ಕೊಟ್ಟಿತು. 2025ರಲ್ಲಿ ಅದನ್ನು ಪಡೆದ, ನಡೆಯಲಾಗದ ಇಬ್ಬರು ರೋಗಿಗಳು ಲಿವರ್ ವೈಫಲ್ಯದಿಂದ ತೀರಿಕೊಂಡರು. ವೈರಸ್ಸಿನ ಪ್ರಮಾಣ ಮೈಯ ತೂಕಕ್ಕೆ ತಕ್ಕಂತೆ ಏರುತ್ತದೆ. 30 ಗ್ರಾಂ ಇಲಿಯಲ್ಲಿ ಕಾಣದ ಅಪಾಯ 50 ಕಿಲೋ ಹುಡುಗನಲ್ಲಿ ಕಾಣಬಹುದು. ಬೆಲೆಯೋ, ಕೋಟಿಗಳಲ್ಲಿ. ಯಾವಾಗ ಎಂದು ಕೇಳಿದರೆ, ಬಾಗಿಲು ತೆರೆದಿದೆ, ಆದರೆ ಒಳಗೆ ಹೋಗಿ ಕೂರುವ ಹಾಗೆ ಆಗಿಲ್ಲ.

ಪ್ರಶ್ನೆ: ನಿಮ್ಮ ಲ್ಯಾಬಿನ ಇಲಿ, ನಮ್ಮ ಪತ್ತಾಯದಲ್ಲಿ ಭತ್ತ ತಿನ್ನುವ ಇಲಿ ಒಂದೇ ಜಾತಿಯಾ? ಹೌದಾದರೆ ಎಷ್ಟು ಬೇಕಾದರೂ ಕಳಿಸಿಕೊಡುತ್ತೇನೆ.
— ಗದ್ದೆ ಮಾಡುವವರು, ಗೋಣಿಕೊಪ್ಪ

ಅಂಗೈಯಲ್ಲಿ ಹಿಡಿಸುವ ಚಿಕ್ಕ ಮನೆಯಿಲಿ ಆದರೆ ಒಂದೇ ಜಾತಿ, ಮಸ್ ಮಸ್ಕ್ಯುಲಸ್. ಬೆಕ್ಕೇ ಹಿಂಜರಿಯುವ ದೊಡ್ಡದು ಆದರೆ ಬೇರೆ.

ಲ್ಯಾಬ್ ಇಲಿಯನ್ನು ಅಣ್ಣ ತಂಗಿಯರನ್ನೇ ಕೂಡಿಸಿ ಕನಿಷ್ಠ 20 ತಲೆಮಾರು ಬೆಳೆಸಿರುತ್ತಾರೆ. ಆಗ ಎಲ್ಲ ಇಲಿಗಳ ಜೀನ್ ಹೆಚ್ಚು ಕಡಿಮೆ ಒಂದೇ ಆಗುತ್ತದೆ. ಒಂದಕ್ಕೊಂದು ವ್ಯತ್ಯಾಸ ಕಂಡರೆ ಅದು ನಾವು ಬದಲಿಸಿದ ಜೀನಿನಿಂದಲೇ ಎನ್ನಬಹುದು. ಎಂಡಿಎಕ್ಸ್ ಹುಟ್ಟಿದ್ದು ಸಿ57 ಬ್ಲ್ಯಾಕ್ ಎಂಬ ತಳಿಯಲ್ಲಿ. ಅದನ್ನು 1921ರಲ್ಲಿ ಸಿ. ಸಿ. ಲಿಟಲ್ ಎಂಬವರು ಶುರುಮಾಡಿದರು, ಮೂಲ ಇಲಿಗಳು ಆ್ಯಬಿ ಲಾಥ್ರಾಪ್ ಎಂಬ ಹೆಂಗಸು ಸಾಕಿದವು. ಶಾಲೆಯ ಮೇಷ್ಟ್ರಗಿರಿ ಬಿಟ್ಟು, ಮಕ್ಕಳಿಗೆ ಮುದ್ದಿಗೆ ಮಾರಲು ಇಲಿ ಸಾಕಿದ್ದಾಕೆ.

ನಿಮ್ಮ ಪತ್ತಾಯದವು ಊರೆಲ್ಲ ಸಂಬಂಧ ಮಾಡಿಕೊಂಡಿರುತ್ತವೆ, ಲ್ಯಾಬಿಗೆ ಬರುವುದಿಲ್ಲ. ದಯವಿಟ್ಟು ಟಪಾಲಿನಲ್ಲಿ ಕಳಿಸಬೇಡಿ. ನಮ್ಮ ಮನೆಯ ದಾರಿಯ ಜಿಗಣೆಗಳ ಬಗ್ಗೆಯೇ ಪೋಸ್ಟ್‌ಮ್ಯಾನ್ ಸಾಕಷ್ಟು ದೂರು ಹೇಳಿಯಾಗಿದೆ.